ಕ್ರಾಸಿಂಗ್ ಎಲ್ಲಿ ಕೊಡೋದು

ರೈಲ್ವೆ ಕಂಟ್ರೋಲ್ ಆಫೀಸಿನ ಚಾರ್ಟು ಅಂದರೆ ಮೇಜಿನಗಲದ ಕಾಗದ. ಎಡದಿಂದ ಬಲಕ್ಕೆ ಗಂಟೆ, ನಿಮಿಷ. ಮೇಲಿನಿಂದ ಕೆಳಕ್ಕೆ ಸ್ಟೇಷನ್ನುಗಳು. ನಮ್ಮ ಮಾರ್ಗದ ಚಾರ್ಟಿನಲ್ಲಿ ಒಂದು ತುದಿಗೆ ಹೋಟಗಿ, ಇನ್ನೊಂದು ತುದಿಗೆ ಗದಗ. ನಡುವೆ ಲಚ್ಯಾಣ, ಇಂಡಿ ರೋಡ್, ನಿಂಬಾಳ, ಮಿಂಚನಾಳ, ಬಿಜಾಪುರ (ಈಗಿನ ವಿಜಯಪುರ), ಬಸವನ ಬಾಗೇವಾಡಿ ರೋಡ್, ಆಲಮಟ್ಟಿ, ಬಾಗಲಕೋಟೆ, ಬಾದಾಮಿ, ಹೊಳೆಆಲೂರು ಮುಂತಾದ ಊರುಗಳ ಅಡ್ಡಗೆರೆಗಳು. ಪ್ರತಿ ಗಾಡಿಗೂ ಒಂದು ಓರೆಗೆರೆ. ಎಕ್ಸ್‌ಪ್ರೆಸ್ಸಿಗೆ ಕೆಂಪು ಪೆನ್ಸಿಲ್ಲು, ಪ್ಯಾಸೆಂಜರಿಗೆ ನೀಲಿ. ಗಾಡಿ ಜೋರಾಗಿ ಓಡಿದಷ್ಟೂ ಗೆರೆ ನೆಟ್ಟಗಾಗುತ್ತದೆ, ನಿಂತರೆ ಅಡ್ಡ ಮಲಗುತ್ತದೆ. ಎದುರು ದಿಕ್ಕಿನ ಗಾಡಿಯ ಗೆರೆ ಕೆಳಗಿನಿಂದ ಏರಿ ಬರುತ್ತದೆ. ಒಂಟಿ ಹಳಿಯ ಮಾರ್ಗದಲ್ಲಿ ಈ ಎರಡೂ ಗೆರೆ ಕೂಡುವ ಜಾಗ ಯಾವುದಾದರೂ ಒಂದು ಸ್ಟೇಷನ್ನಿನ ಮೇಲೇ ಬೀಳಬೇಕು. ಎರಡು ಸ್ಟೇಷನ್ನುಗಳ ನಡುವೆ ಬಿತ್ತೋ, ಆ ಟೈಮ್ ಟೇಬಲ್ ನಡೆಯುವಂಥದ್ದಲ್ಲ. ಒಂದು ಗಾಡಿಯನ್ನು ಮೊದಲೇ ಎಲ್ಲೋ ಹಿಡಿದು ನಿಲ್ಲಿಸಬೇಕು. ಇದಕ್ಕೇ ಕ್ರಾಸಿಂಗ್ ಕೊಡೋದು ಅನ್ನುತ್ತಿದ್ದೆವು. ಯಾರನ್ನು ನಿಲ್ಲಿಸೋದು, ಎಲ್ಲಿ, ಎಷ್ಟು ಹೊತ್ತು? ನನ್ನ ನೌಕರಿಯ ಬಹುಪಾಲು ಈ ಪ್ರಶ್ನೆಯಲ್ಲೇ ಕಳೆಯಿತು.

ನಾನು ಸಿಂದಗಿ ತಾಲ್ಲೂಕಿನವನು. ನಮ್ಮ ಕಡೆ ಹಳಿಯೇ ಇಲ್ಲ. ಬಿಜಾಪುರಕ್ಕೆ ಹೋದಾಗ ಗಾಡಿ ನೋಡಬೇಕು, ಇಲ್ಲವೇ ಕಲಬುರಗಿಗೆ ಹೋದಾಗ. ಹಾಗಿದ್ದವನಿಗೆ 1980ರ ದಶಕದ ಆರಂಭದಲ್ಲಿ ಸಹಾಯಕ ಸ್ಟೇಷನ್ ಮಾಸ್ತರನ ನೌಕರಿ ಸಿಕ್ಕಿತು. ಆಗ ಹುಬ್ಬಳ್ಳಿ ವಿಭಾಗ ಸಿಕಂದರಾಬಾದಿನ ದಕ್ಷಿಣ ಮಧ್ಯ ರೈಲ್ವೆಗೆ ಸೇರಿತ್ತು. ನೈಋತ್ಯ ರೈಲ್ವೆ ಹುಟ್ಟಿದ್ದು ಬಹಳ ತಡವಾಗಿ, 2003ರ ಏಪ್ರಿಲ್ 1ಕ್ಕೆ. ತರಬೇತಿ ಮುಗಿಸಿ ಕೆಲವು ಸಣ್ಣ ಸ್ಟೇಷನ್ನುಗಳನ್ನು ಸುತ್ತಿ ನಾನು ಇಂಡಿ ರೋಡಿಗೆ ಬಂದೆ.

ಈ ಮಾರ್ಗದ ಹುಟ್ಟನ್ನು ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನ ಮಾತು ಅರ್ಥವಾಗುವುದಿಲ್ಲ. 1876ರಿಂದ 78ರವರೆಗಿನ ದೊಡ್ಡ ಬರ ನಮ್ಮ ಸೀಮೆಯನ್ನು ಹಿಂಡಿ ಹಿಪ್ಪೆ ಮಾಡಿತು. ಕಾಳು ಇದ್ದ ಊರಿಂದ ಇಲ್ಲದ ಊರಿಗೆ ಸಾಗಿಸಲು ದಾರಿಯೇ ಇರಲಿಲ್ಲ. ಆ ಬರದ ಬೆನ್ನಿಗೇ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. 1884ರಲ್ಲಿ ಹೋಟಗಿ–ಗದಗ ಮೀಟರ್ ಗೇಜ್ ಮಾರ್ಗ ತೆರೆಯಿತು. ಹೋಟಗಿಯಲ್ಲಿ ಮುಂಬೈ–ಮದರಾಸು ಮುಖ್ಯ ಮಾರ್ಗ ಸಿಗುತ್ತದೆ, ಗದಗದಲ್ಲಿ ಹುಬ್ಬಳ್ಳಿ, ಗುಂತಕಲ್ಲಿನ ದಾರಿ. ಕಾಳು ಸಾಗಿಸಲು, ಎರಡು ದೊಡ್ಡ ಮಾರ್ಗಗಳನ್ನು ಜೋಡಿಸಲು ಹಾಕಿದ ಹಳಿ ಅದು. ತಾಲ್ಲೂಕಿನ ಊರುಗಳ ಮಂದಿ ಬೆಳಿಗ್ಗೆ ಹೋಗಿ ಸಂಜೆಗೆ ಬರಲಿ ಎಂದು ಹಾಕಿದ್ದಲ್ಲ. ನಕಾಶೆ ನೋಡಿದರೆ ಗೊತ್ತಾಗುತ್ತದೆ: ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ ನಾಲ್ಕೂ ಹಳಿಯ ಮೂಡಣಕ್ಕಿವೆ. ಎರಡು ಊರಿಗೆ ಅವುಗಳ ಹೆಸರಿನ ಸ್ಟೇಷನ್ನಾದರೂ ಸಿಕ್ಕಿತು, ಊರಿನಿಂದ ದೂರದಲ್ಲಿ. ಬಸವನ ಬಾಗೇವಾಡಿಯವರು ತೆಲಗಿ ಹತ್ತಿರಕ್ಕೆ ಹೋಗಬೇಕು, ಇಂಡಿಯವರು ನಾನಿದ್ದ ಜಾಗಕ್ಕೆ ಬರಬೇಕು. ಮುದ್ದೇಬಿಹಾಳದವರಿಗೆ ಆಲಮಟ್ಟಿ. ಸಿಂದಗಿಯವರಿಗೆ ಸುಮಾರು 60 ಕಿಲೋಮೀಟರ್ ಬಸ್ಸಿನಲ್ಲಿ ಕೂತು ಬಿಜಾಪುರ.

ಇಂಡಿ ರೋಡಿನ ಆಫೀಸಿನಲ್ಲಿ ಎರಡು ಟೋಕನ್ ಯಂತ್ರಗಳಿದ್ದವು, ಅತ್ತಣ ಸ್ಟೇಷನ್ನಿಗೊಂದು, ಇತ್ತಣದ್ದಕ್ಕೊಂದು. ಒಳಗೆ ಉಕ್ಕಿನ ಗುಂಡುಗಳು. ನಾವು ಗೋಲಾ ಅನ್ನುತ್ತಿದ್ದೆವು. ಆಚೆ ಸ್ಟೇಷನ್ನಿನ ಮಾಸ್ತರ ಒಪ್ಪಿ ಅಲ್ಲಿಂದ ಗುಂಡಿ ಒತ್ತಿದರೆ ಮಾತ್ರ ಇಲ್ಲಿ ಒಂದು ಗೋಲಾ ಹೊರಬರುತ್ತದೆ. ಅದು ವಾಪಸು ಯಂತ್ರದೊಳಗೆ ಬೀಳುವ ತನಕ ಆ ತುಂಡು ಹಳಿಗೆ ಇನ್ನೊಂದು ಗೋಲಾ ಹೊರಬರುವುದಿಲ್ಲ. ಗೋಲಾ ಕೈಯಲ್ಲಿಲ್ಲದೆ ಡ್ರೈವರ್ ಗಾಡಿ ಬಿಡುವಂತಿಲ್ಲ. ಚರ್ಮದ ಚೀಲದಲ್ಲಿಟ್ಟು, ಬೆತ್ತದ ಬಳೆಗೆ ಕಟ್ಟಿ, ಪಾಯಿಂಟ್ಸ್‌ಮನ್ ಪ್ಲಾಟ್‌ಫಾರ್ಮಿನ ತುದಿಗೆ ಕೈ ಎತ್ತಿ ನಿಲ್ಲುತ್ತಿದ್ದ. ನಿಲ್ಲದ ಗಾಡಿಯಾದರೆ ಫೈರ್‌ಮನ್ ಎಂಜಿನ್ನಿನಿಂದ ಬಗ್ಗಿ ತೋಳಿಗೆ ಸಿಕ್ಕಿಸಿಕೊಂಡು ಹೋಗುತ್ತಿದ್ದ. ಮಳೆಗಾಲದ ರಾತ್ರಿ ಈ ಕೆಲಸ ನೋಡಿದವರಿಗೆ ಅದರ ಅಪಾಯ ಗೊತ್ತು. ಹಳಿ ಒಂದೇ, ಗೋಲಾ ಒಂದೇ. ಹೀಗಾಗಿ ಒಂದು ಗಾಡಿ ತಡವಾದರೆ ಅದರ ತಡ ಎದುರಿನ ಗಾಡಿಗೆ ಹತ್ತುತ್ತದೆ, ಅದರಿಂದ ಮುಂದಿನದಕ್ಕೆ. ಸೊಲ್ಲಾಪುರದಲ್ಲಿ ಆದ ಅರ್ಧ ಗಂಟೆಯ ತಡ ಸಂಜೆಗೆ ಬಾದಾಮಿಯಲ್ಲಿ ಕಾಣಿಸಿಕೊಳ್ಳುತ್ತಿತ್ತು.

ನಮ್ಮಲ್ಲಿ ಸಂಜೆ ಸೊಲ್ಲಾಪುರ ಕಡೆಯಿಂದ ಒಂದು ಪ್ಯಾಸೆಂಜರ್ ಬರುತ್ತಿತ್ತು. ಇಂಡಿ ಸುತ್ತಿನ ಮಂದಿಗೆ ದವಾಖಾನೆ, ಸಂತೆ, ಮದುವೆ ಜವಳಿ ಎಲ್ಲಕ್ಕೂ ಸೊಲ್ಲಾಪುರವೇ. ಬೆಳಿಗ್ಗೆ ಹೋದವರು ಈ ಗಾಡಿಗೆ ಮರಳುತ್ತಿದ್ದರು. ಲಿಂಬಿಕಾಯಿ ಬುಟ್ಟಿ ಕಳಿಸಿ ಬಂದ ವ್ಯಾಪಾರಿಗಳು, ಕಣ್ಣಿನ ಆಪರೇಶನ್ ಮಾಡಿಸಿಕೊಂಡ ಮುದುಕರು, ಬಗಲಲ್ಲಿ ಕೂಸು ಇಟ್ಟುಕೊಂಡ ಹೆಣ್ಣುಮಕ್ಕಳು. ಅದೇ ಹೊತ್ತಿಗೆ ಎದುರಿನಿಂದ ಸೊಲ್ಲಾಪುರದ ಕಡೆ ಹೋಗುವ ಎಕ್ಸ್‌ಪ್ರೆಸ್. ಎಕ್ಸ್‌ಪ್ರೆಸ್ಸಿಗೆ ದಾರಿ ಬಿಡಬೇಕೆಂದು ಪ್ಯಾಸೆಂಜರನ್ನು ಲಚ್ಯಾಣದಲ್ಲೇ ಹಿಡಿಯುತ್ತಿದ್ದರು. ಎಕ್ಸ್‌ಪ್ರೆಸ್ ನನ್ನ ಸ್ಟೇಷನ್ ದಾಟಿ ಲಚ್ಯಾಣ ಮುಟ್ಟಿದ ಮೇಲೆ ಪ್ಯಾಸೆಂಜರ್ ಹೊರಟು ಇತ್ತ ಬರುತ್ತಿತ್ತು. ಅಷ್ಟರಲ್ಲಿ ಸ್ಟೇಷನ್ನಿನಿಂದ ಇಂಡಿಗೆ ಹೋಗುವ ಕೊನೆಯ ಬಸ್ಸು ಹೋಗಿರುತ್ತಿತ್ತು. ಟಾಂಗಾ ಸಿಕ್ಕವರು ಹೋದರು. ಸಿಗದವರು ನನ್ನ ಮುಸಾಫಿರಖಾನೆಯಲ್ಲಿ ಮಲಗಿದರು.

ಒಬ್ಬ ಮುದುಕಿಯ ಮಾತು ಈಗಲೂ ಕಿವಿಯಲ್ಲಿದೆ. ಮೊಮ್ಮಗನ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದಿದ್ದಳು. ಇಂಡಿ ದಾಟಿ ಇನ್ನೂ ಮುಂದೆ ಸಿಂದಗಿ ಕಡೆಗೆ ಹೋಗಬೇಕಾದವಳು. ಟೇಬಲ್ಲಿನ ಎದುರು ಬಂದು ನಿಂತಳು.

“ತಮ್ಮಾ, ಗಾಡಿ ಬರೂತನಾ ಬಸ್ಸ ನಿಲ್ಲಂಗಿಲ್ಲೇನಪಾ?”

“ಆಯಿ, ಬಸ್ಸಿನ ಟೈಮೇ ಬ್ಯಾರೆ, ನಮ್ಮ ಟೈಮೇ ಬ್ಯಾರೆ.”

“ಟೈಮ್ ಎರಡ ಇರವಲ್ದ್ಯಾಕ. ಎರಡಕ್ಕೂ ಹತ್ತು ಮಂದಿ ಒಬ್ಬರ ಅಲ್ಲೇನು?”

ನನ್ನಲ್ಲಿ ಉತ್ತರ ಇರಲಿಲ್ಲ. ಆ ರಾತ್ರಿ ಹುಡುಗನನ್ನು ಆಫೀಸಿನ ಬೆಂಚಿನ ಮೇಲೆ ಮಲಗಿಸಿದೆವು. ಪಾಯಿಂಟ್ಸ್‌ಮನ್ ತನ್ನ ಮನೆಯಿಂದ ರೊಟ್ಟಿ, ಕೆನೆಮೊಸರು, ಶೇಂಗಾ ಹಿಂಡಿ ತಂದುಕೊಟ್ಟ.

ಮರುದಿನದಿಂದ ನಾನು ಕಂಟ್ರೋಲ್ ಫೋನಿನಲ್ಲಿ ಕೇಳತೊಡಗಿದೆ: “ಸರ, ಪ್ಯಾಸೆಂಜರ್ ಲಚ್ಯಾಣಕ್ಕ ಹಿಡೀಬ್ಯಾಡ್ರಿ. ಕ್ರಾಸಿಂಗ್ ಇಂಡಿ ರೋಡಿಗೆ ಕೊಡ್ರಿ. ಮಂದಿ ಇಳೀತಾರ, ಬಸ್ಸ ಹಿಡೀತಾರ.” ಆ ಕಡೆಯಿಂದ ಬರುತ್ತಿದ್ದ ಪ್ರಶ್ನೆ ಒಂದೇ: ಹಾಗಾದರೆ ಎಕ್ಸ್‌ಪ್ರೆಸ್ ನಿನ್ನ ಸ್ಟೇಷನ್ನಿನಲ್ಲಿ ಐದಾರು ನಿಮಿಷ ನಿಲ್ಲಬೇಕಾಗುತ್ತದೆ, ಅದಕ್ಕೆ ಯಾರು ಜವಾಬು ಹೇಳಬೇಕು? ನ್ಯಾಯವಾದ ಪ್ರಶ್ನೆಯೇ. ಎಕ್ಸ್‌ಪ್ರೆಸ್ಸಿನ ತಡಕ್ಕೆ ಪ್ರತಿ ದಿನ ಲೆಕ್ಕ ಕೊಡಬೇಕು. ಬಸ್ಸು ತಪ್ಪಿಸಿಕೊಂಡ ಮುದುಕಿಯ ಲೆಕ್ಕ ಯಾವ ರಿಜಿಸ್ಟರಿನಲ್ಲೂ ಬರೆಯುವುದಿಲ್ಲ.

ಕೆಲವು ವರ್ಷದ ಮೇಲೆ ಪರೀಕ್ಷೆ ಬರೆದು ನಾನೇ ಹುಬ್ಬಳ್ಳಿಯಲ್ಲಿ ಸೆಕ್ಷನ್ ಕಂಟ್ರೋಲರ್ ಆದೆ. ಕಿವಿಗೆ ಹೆಡ್‌ಫೋನು, ಎದುರಿಗೆ ಚಾರ್ಟು. ಆಗ ಒಂದು ಸಂಗತಿ ಸ್ಪಷ್ಟವಾಯಿತು. ದೂರದ ಗಾಡಿಗಳ ಟೈಮ್ ಟೇಬಲ್ಲಿನಲ್ಲಿ ಕೊನೆಯ ಸ್ಟೇಷನ್ನಿನ ಹತ್ತಿರ ಸ್ವಲ್ಪ ಹೆಚ್ಚಿನ ನಿಮಿಷ ಸೇರಿಸಿರುತ್ತಾರೆ. ದಾರಿಯಲ್ಲಿ ಆದ ತಡವನ್ನು ಅಲ್ಲಿ ಮುರಿದುಕೊಳ್ಳಲಿ ಎಂದು. ಎಕ್ಸ್‌ಪ್ರೆಸ್ಸನ್ನು ಇಂಡಿ ರೋಡಿನಲ್ಲಿ ಐದು ನಿಮಿಷ ನಿಲ್ಲಿಸಿದರೂ ಸೊಲ್ಲಾಪುರಕ್ಕೆ ಅದು ವೇಳೆಗೆ ಸರಿಯಾಗಿ ಸೇರಬಲ್ಲದು. ನನ್ನ ಪಾಳಿ ಇದ್ದ ಸಂಜೆಗಳಲ್ಲಿ ಆದಷ್ಟು ಮಟ್ಟಿಗೆ ಹಾಗೇ ಮಾಡಿದೆ. ಕೆಂಪು ಗೆರೆ ಇಂಡಿ ರೋಡಿನ ಮೇಲೆ ಒಂದಿಷ್ಟು ಅಡ್ಡ ಮಲಗಿತು, ನೀಲಿ ಗೆರೆ ಲಚ್ಯಾಣದಲ್ಲಿ ನಿಲ್ಲದೆ ಇಳಿದು ಬಂತು. ಕಾಗದದ ಮೇಲೆ ಅದು ಒಂದು ಬೆರಳಿನಷ್ಟು ಸರಿದಾಟ. ಇಂಡಿಯ ಮಂದಿಗೆ ಅದು ಆ ರಾತ್ರಿ ಮನೆಯಲ್ಲಿ ಉಂಡು ಮಲಗುವ ಮಾತು.

ಮುಂದೆ ಗೇಜ್ ಪರಿವರ್ತನೆ ಬಂತು. ಮಾರ್ಗವನ್ನು ತುಂಡು ತುಂಡಾಗಿ ಮುಚ್ಚಿ, ಕಿತ್ತು, ಅಗಲ ಮಾಡಿದರು. ಎಷ್ಟೋ ವರ್ಷ ನಮ್ಮ ಸೀಮೆಯ ಮಂದಿಗೆ ಗಾಡಿ ಅರ್ಧ ದಾರಿಗೆ ಮಾತ್ರ. ಗೋಲಗುಂಬಜ್ ಎಕ್ಸ್‌ಪ್ರೆಸ್ ಎಂಬ ಹೆಸರು ಕೇಳಿ ಬೆಳೆದವರ ಮಕ್ಕಳು ಆ ಗಾಡಿ ನೋಡದೆ ಬೆಳೆದರು. ಕೊನೆಗೆ 2008ರ ಡಿಸೆಂಬರಿನಲ್ಲಿ ಸೊಲ್ಲಾಪುರದಿಂದ ಗದಗದ ತನಕ ಬ್ರಾಡ್ ಗೇಜ್ ಪೂರ್ತಿಯಾಯಿತು. ಅಷ್ಟೊತ್ತಿಗೆ ನಾನು ಟೈಮ್ ಟೇಬಲ್ ಕೆಲಸಕ್ಕೆ ಬಂದಿದ್ದೆ. ಹಳಿ ಹಳೆಯ ಜಾಗದಲ್ಲೇ ಇದ್ದರೂ ಮಾರ್ಗ ಮಾತ್ರ ಹೊಸದು. ಹಳೆಯ ವೇಗ, ಹಳೆಯ ಓಟದ ವೇಳೆ, ಹಳೆಯ ಕ್ರಾಸಿಂಗ್ ಒಂದೂ ಉಳಿಯಲಿಲ್ಲ. ಖಾಲಿ ಚಾರ್ಟು ಎದುರಿಗಿಟ್ಟುಕೊಂಡು ಕೂತ ಆ ದಿನಗಳು ನನ್ನ ನೌಕರಿಯ ಅತ್ಯಂತ ಒಳ್ಳೆಯ ದಿನಗಳು.

ಖಾಲಿ ಚಾರ್ಟು ಬಹಳ ಹೊತ್ತು ಖಾಲಿ ಇರುವುದಿಲ್ಲ. ಮೊದಲು ದೂರದ ಗಾಡಿಗಳು ಬರುತ್ತವೆ. ಅವುಗಳ ವೇಳೆಯನ್ನು ಕಟ್ಟುವುದು ಬೆಂಗಳೂರಿನಲ್ಲಿ ಖಾಲಿಯಿರುವ ಪ್ಲಾಟ್‌ಫಾರ್ಮು, ಸೊಲ್ಲಾಪುರದ ಮುಖ್ಯ ಮಾರ್ಗದಲ್ಲಿ ಸಿಗುವ ಸಂದು. ಹೋಟಗಿಯಲ್ಲಿ ಗಾಡಿಯನ್ನು ಮಧ್ಯ ರೈಲ್ವೆಗೆ ಒಪ್ಪಿಸಬೇಕು; ಅವರು ಇಂಥ ನಿಮಿಷಕ್ಕೆ ತೆಗೆದುಕೊಳ್ಳುತ್ತೇವೆ ಅಂದರೆ ನಮ್ಮ ಇಡೀ ಗೆರೆ ಆ ನಿಮಿಷದಿಂದ ಹಿಂದಕ್ಕೆ ಎಳೆದುಕೊಂಡು ಬರಬೇಕು. ಆಮೇಲೆ ಗೂಡ್ಸ್ ಗಾಡಿಗಳ ಜಾಗ. ಇವೆಲ್ಲ ಕೂತ ಮೇಲೆ ಉಳಿದ ಸಂದಿನಲ್ಲಿ ಪ್ಯಾಸೆಂಜರ್. ಎಲ್ಲ ಕಡೆಯೂ ಕ್ರಮ ಹೀಗೇ, ಮತ್ತು ಈ ಕ್ರಮಕ್ಕೆ ಕಾರಣವೂ ಇದೆ: ದೂರದ ಗಾಡಿಯನ್ನು ಹತ್ತು ನಿಮಿಷ ಅತ್ತಿತ್ತ ಮಾಡಲು ನಾಲ್ಕು ವಿಭಾಗಗಳನ್ನು ಕೇಳಬೇಕು, ಸ್ಥಳೀಯ ಗಾಡಿಗೆ ಯಾರನ್ನೂ ಕೇಳಬೇಕಿಲ್ಲ. ಆದರೆ ಹೀಗೆ ಉಳಿದ ಜಾಗದಲ್ಲಿ ಕೂತ ಗಾಡಿ ಕಾಲೇಜಿನ ಗಂಟೆಗೂ, ಕೋರ್ಟಿನ ಹೊತ್ತಿಗೂ, ದವಾಖಾನೆಯ ಚೀಟಿಗೂ ಕೂಡಿಬರುವುದು ಅಪರೂಪ. ದೂರದ ಗಾಡಿಯಲ್ಲಿ ಕೂತವನಿಗೆ ಹತ್ತು ನಿಮಿಷ ಗೊತ್ತೇ ಆಗುವುದಿಲ್ಲ. ಬೆಳಿಗ್ಗೆ ಹತ್ತಕ್ಕೆ ಪರೀಕ್ಷೆ ಇರುವ ಲಚ್ಯಾಣದ ಹುಡುಗಿಗೆ ಗಾಡಿ ಹತ್ತೂ ಹತ್ತಕ್ಕೆ ಬಂದರೆ ಅದು ಬಂದೂ ಬಾರದ ಹಾಗೆ.

ನಾನು ಮತ್ತೆ ಮತ್ತೆ ಎತ್ತುತ್ತಿದ್ದ ಪ್ರಶ್ನೆ ಇನ್ನೊಂದಿತ್ತು: ರಾತ್ರಿ ರೇಕು, ಅಂದರೆ ಗಾಡಿಯ ಡಬ್ಬಿಗಳ ಸಾಲು, ಎಲ್ಲಿ ಮಲಗುತ್ತದೆ? ಗಾಡಿ ರಾತ್ರಿ ತಂಗಿದ ಊರಿನಿಂದಲೇ ಬೆಳಗಿನ ಮೊದಲ ಗಾಡಿ ಹೊರಡುತ್ತದೆ. ಡಬ್ಬಿಗಳಿಗೆ ನೀರು ತುಂಬಬೇಕು, ಬ್ರೇಕ್ ಪರೀಕ್ಷಿಸಬೇಕು, ಡ್ರೈವರಿಗೂ ಗಾರ್ಡಿಗೂ ವಿಶ್ರಾಂತಿಯ ಕೋಣೆ ಬೇಕು. ಇಷ್ಟು ವ್ಯವಸ್ಥೆ ಇದ್ದ ಊರಿಗೆ ಬೆಳಗಿನ ಗಾಡಿ ಒಲಿಯುತ್ತದೆ. ಉಳಿದವರಿಗೆ ಸಿಗುವುದು ಅಲ್ಲಿಂದ ಹೊರಟು ತಮ್ಮೂರು ಮುಟ್ಟುವ ಹೊತ್ತಿನ ಗಾಡಿ. ಜನ ಯಾವಾಗಲೂ ಹೊಸ ಗಾಡಿಗೆ ಮನವಿ ಕೊಡುತ್ತಾರೆ. ರಾತ್ರಿ ಒಂದು ರೇಕು ನಿಲ್ಲಲು ಒಂದು ಲೈನು, ಒಂದು ನೀರಿನ ಕೊಳಾಯಿ ಕೊಡಿ ಎಂದು ಮನವಿ ಕೊಟ್ಟವರನ್ನು ನಾನು ನೋಡಲಿಲ್ಲ. ಅದು ಸಿಕ್ಕರೆ ಗಾಡಿ ತಾನಾಗಿಯೇ ಬರುತ್ತದೆ.

ಸ್ಟಾಪಿನ ಲೆಕ್ಕವೂ ಹೊರಗಿನವರಿಗೆ ಕಾಣುವುದಿಲ್ಲ. ಟೈಮ್ ಟೇಬಲ್ಲಿನಲ್ಲಿ ಎರಡು ನಿಮಿಷ ಅಂತ ಬರೆದಿದ್ದರೂ ಎಂಜಿನ್ ಎಳೆಯುವ ಉದ್ದನೆಯ ಗಾಡಿ ವೇಗ ಇಳಿಸಿ, ನಿಂತು, ಮತ್ತೆ ವೇಗ ಹಿಡಿಯುವಷ್ಟರಲ್ಲಿ ಐದಾರು ನಿಮಿಷ ಹೋಗಿರುತ್ತದೆ. ಹೀಗಾಗಿ ಎಲ್ಲ ಗಾಡಿಯನ್ನೂ ಎಲ್ಲ ಕಡೆ ನಿಲ್ಲಿಸಬಾರದು. ಯಾವ ಗಾಡಿಯೂ ನಿಲ್ಲದ ಊರೂ ಇರಬಾರದು. ನಿಂಬಾಳವನ್ನೇ ನೋಡಿ. ಸಣ್ಣ ಊರು, ಸಣ್ಣ ಸ್ಟೇಷನ್ನು. ಆದರೆ ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರ ಕಲಿಸುತ್ತಿದ್ದ ಗುರುದೇವ ರಾನಡೆಯವರು ಆ ಸ್ಟೇಷನ್ನಿನ ಹತ್ತಿರವೇ ಆಶ್ರಮ ಮಾಡಿಕೊಂಡರು; 1957ರಲ್ಲಿ ದೇಹ ಬಿಟ್ಟದ್ದೂ ಅಲ್ಲೇ. ಸಪ್ತಾಹದ ದಿನಗಳಲ್ಲಿ ಮಹಾರಾಷ್ಟ್ರದಿಂದ, ಧಾರವಾಡ, ಬೆಳಗಾವಿ ಕಡೆಯಿಂದ ಸಾಧಕರು ಗಾಡಿಯಿಂದ ಇಳಿದು ನಡೆದೇ ಆಶ್ರಮ ಸೇರುತ್ತಾರೆ. ವರ್ಷವಿಡೀ ಮಾರಿದ ಟಿಕೀಟಿನ ಸರಾಸರಿ ತೆಗೆದರೆ ಅಲ್ಲಿ ಸ್ಟಾಪು ಬೇಡ ಅನ್ನಿಸುತ್ತದೆ. ಆ ದಿನಗಳ ಗುಂಪು ನೋಡಿದರೆ ಬೇಕೇ ಬೇಕು. ಲಚ್ಯಾಣದ ಸಿದ್ಧಲಿಂಗ ಮಹಾರಾಜರ ಜಾತ್ರೆಗೂ, ಆಷಾಢ, ಕಾರ್ತಿಕ ಏಕಾದಶಿಯ ಪಂಢರಪುರದ ವಾರಿಗೂ ಇದೇ ಮಾತು. ಟೈಮ್ ಟೇಬಲ್ ಮಾಡುವವನಿಗೆ ಪಂಚಾಂಗ ಗೊತ್ತಿರಬೇಕು, ಸುಗ್ಗಿ ಗೊತ್ತಿರಬೇಕು, ಗುಳೆ ಹೋಗುವ ತಿಂಗಳು ಗೊತ್ತಿರಬೇಕು. ಮಂಗಳೂರಿನ ಕಟ್ಟಡ ಕೆಲಸಕ್ಕೆ ನಮ್ಮ ಜಿಲ್ಲೆಯಿಂದ ಎಷ್ಟು ಮಂದಿ ಹೋಗುತ್ತಾರೆಂಬುದು ಬಸ್ ಸ್ಟ್ಯಾಂಡಿನಲ್ಲಿ ನಿಂತವರಿಗೆಲ್ಲ ಗೊತ್ತಿತ್ತು. ಆದರೂ ವಿಜಯಪುರ–ಮಂಗಳೂರು ಗಾಡಿ ಓಡತೊಡಗಿದ್ದು 2019ರಲ್ಲಿ.

ಈ ನಡುವೆ ನಮ್ಮ ಮಾರ್ಗದ ಮೇಲಿನ ಕೂಡಗಿಯಲ್ಲಿ ಎನ್‌ಟಿಪಿಸಿಯ 2400 ಮೆಗಾವಾಟಿನ ಉಷ್ಣ ವಿದ್ಯುತ್ ಸ್ಥಾವರ ಎದ್ದಿತು. ಅದಕ್ಕೆ ಕಲ್ಲಿದ್ದಲು ಬೇಕು, ಕಲ್ಲಿದ್ದಲಿಗೆ ಗಾಡಿ ಬೇಕು. ಒಂಟಿ ಹಳಿ ಸಾಲದೆ ಹೋಟಗಿ–ಕೂಡಗಿ–ಗದಗ ಜೋಡಿ ಹಳಿಯ ಕೆಲಸ ಶುರುವಾಯಿತು. ಆಮೇಲೆ ವಿದ್ಯುದೀಕರಣವೂ ಬಂತು. ಬರಗಾಲ ಹಳಿ ತಂದಿತು, ಕಲ್ಲಿದ್ದಲು ಜೋಡಿ ಹಳಿ ತಂದಿತು. ನಮ್ಮ ಜನರ ಓಡಾಟವನ್ನೇ ಮುಂದಿಟ್ಟುಕೊಂಡು ಈ ಮಾರ್ಗಕ್ಕೆ ಏನಾದರೂ ಬಂದದ್ದು ಕಡಿಮೆ. ಆದರೂ ಬಂದದ್ದು ಬಂತು. ಹಳಿ ಜೋಡಿಯಾದ ಕಡೆ ಕ್ರಾಸಿಂಗಿನ ಗೋಳು ಮುಗಿಯಿತು. ಲಚ್ಯಾಣದಲ್ಲಿ ಯಾರನ್ನೂ ಹಿಡಿಯಬೇಕಾಗಿಲ್ಲ. ನನ್ನಂಥವರು ಜೀವಮಾನವಿಡೀ ಬಿಡಿಸಿದ ಲೆಕ್ಕ ಬೇಡವಾಯಿತು, ಅದು ಸಂತೋಷದ ಮಾತೇ. ಈಗ ಉಳಿದದ್ದು ಇನ್ನೂ ದೊಡ್ಡ ಪ್ರಶ್ನೆ: ಸಿಕ್ಕ ಜಾಗದಲ್ಲಿ ಯಾವ ಗಾಡಿ ಓಡಿಸೋದು?

ನಿವೃತ್ತಿಯ ನಂತರ ವರ್ಷದ ಕೆಲವು ತಿಂಗಳು ಮಗಳ ಮನೆಯಲ್ಲಿ, ಬೆಂಗಳೂರಿನಲ್ಲಿ ಇರುತ್ತೇನೆ. ಅಲ್ಲಿ ನಮ್ಮ ಮೆಟ್ರೋ ನೋಡಿ ನನ್ನ ಹಳೆಯ ಚಟ ಮತ್ತೆ ತಲೆ ಎತ್ತಿತು. ಊರನ್ನು ಪೂರ್ವದಿಂದ ಪಶ್ಚಿಮಕ್ಕೆ ಸೀಳಿ ಹೋಗುವ ನೇರಳೆ ಮಾರ್ಗ 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಯ ತನಕದ ಸಣ್ಣ ತುಂಡಾಗಿ ಶುರುವಾಯಿತು. 2023ರ ಮಾರ್ಚಿನಲ್ಲಿ ವೈಟ್‌ಫೀಲ್ಡಿನಿಂದ ಕೆ.ಆರ್. ಪುರದ ತನಕ ಇನ್ನೊಂದು ತುಂಡು ತೆರೆದರು. ಕೆ.ಆರ್. ಪುರಕ್ಕೂ ಬೈಯಪ್ಪನಹಳ್ಳಿಗೂ ನಡುವೆ ಸುಮಾರು ಎರಡು ಕಿಲೋಮೀಟರ್ ಬಾಕಿ. ಅಷ್ಟು ದೂರಕ್ಕೆ ಬಸ್ಸು ಬಿಟ್ಟರು. ಆ ವರ್ಷದ ಅಕ್ಟೋಬರ್ 9ಕ್ಕೆ ಆ ಎರಡು ಕಿಲೋಮೀಟರ್ ಕೂಡಿಕೊಂಡು, ಚಲ್ಲಘಟ್ಟದಿಂದ ವೈಟ್‌ಫೀಲ್ಡಿಗೆ 43 ಕಿಲೋಮೀಟರಿಗೂ ಹೆಚ್ಚು ದೂರ ಒಂದೇ ಗಾಡಿಯಲ್ಲಿ ಹೋಗುವಂತಾದಾಗ ಜನ ಮುಗಿಬಿದ್ದರು. ಎರಡು ಕಿಲೋಮೀಟರ್ ಬಸ್ಸು, ಒಮ್ಮೆ ಇಳಿದು ಹತ್ತುವುದು, ಇಷ್ಟೇ ಅಡ್ಡಿ ಅಷ್ಟು ಮಂದಿಯನ್ನು ತಡೆದಿತ್ತು. ಇಂಡಿ ರೋಡಿನಿಂದ ಇಂಡಿ ಇದಕ್ಕಿಂತ ದೂರ ಎಂದು ಆಗ ಮನಸ್ಸಿನಲ್ಲೇ ಅಂದುಕೊಂಡೆ.

ಆ ಮಾರ್ಗದಲ್ಲಿ ಎಲ್ಲ ಗಾಡಿಯೂ ತುದಿಯಿಂದ ತುದಿಗೆ ಹೋಗುವುದಿಲ್ಲ. ಬೆಳಗಿನ ಗದ್ದಲದ ಹೊತ್ತಿಗೆ ಮೆಜೆಸ್ಟಿಕ್ಕಿನಿಂದ ಖಾಲಿ ಗಾಡಿ ಹೊರಡಿಸಿ ಗರುಡಾಚಾರ್‌ಪಾಳ್ಯದ ಕಡೆಯ ತನಕ ಓಡಿಸಿ ತಿರುಗಿಸುತ್ತಾರೆ. ಮಂದಿ ಎಲ್ಲಿ ದಟ್ಟವೋ ಅಲ್ಲಿ ಹೆಚ್ಚು ಗಾಡಿ, ತುದಿಗೆ ಕಡಿಮೆ. ನಡುವೆ ಗಾಡಿ ತಿರುಗಬೇಕೆಂದರೆ ಒಂದು ಹಳಿಯಿಂದ ಇನ್ನೊಂದಕ್ಕೆ ದಾಟುವ ಅಡ್ಡಹಳಿ ಅಲ್ಲಿರಬೇಕು. ಅದನ್ನು ಮಾರ್ಗ ಕಟ್ಟುವಾಗಲೇ ಇಡಬೇಕು. ಲಂಡನ್ನಿನ ಎಲಿಜಬೆತ್ ಲೈನಿನಲ್ಲೂ ಹೀಗೇ. 2022ರ ಮೇ 24ರಂದು ಅದರ ನಡುವಿನ ಸುರಂಗ ತೆರೆದಾಗ ಎರಡೂ ಬದಿಯ ಗಾಡಿಗಳು ಬೇರೆ ಬೇರೆಯಾಗಿ ಓಡುತ್ತಿದ್ದವು. ಒಂದು ವರ್ಷ ಹಂತಹಂತವಾಗಿ ಕೂಡಿಸಿ 2023ರ ಮೇ ತಿಂಗಳಿಗೆ ಪೂರ್ತಿ ಟೈಮ್ ಟೇಬಲ್ ತಂದರು. ನಡುವೆ ಗದ್ದಲದ ಹೊತ್ತಿಗೆ ಗಂಟೆಗೆ 24 ಗಾಡಿ, ಪೂರ್ವದಲ್ಲಿ ಎರಡು ಕವಲಿಗೆ ಹಂಚಿಕೆ, ಪಶ್ಚಿಮದಲ್ಲಿ ಹಲವು ಗಾಡಿ ಪ್ಯಾಡಿಂಗ್ಟನ್ನಿನಲ್ಲೇ ತಿರುಗುತ್ತವೆ.

ಲೆಕ್ಕ ಕಣ್ಣಿಗೆ ಕಟ್ಟಿದ್ದು ಬೆಂಗಳೂರಿನ ಹಳದಿ ಮಾರ್ಗದಲ್ಲಿ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರ, 19.15 ಕಿಲೋಮೀಟರ್, 16 ನಿಲ್ದಾಣ. 2025ರ ಆಗಸ್ಟ್ 10ರಂದು ತೆರೆದಾಗ ಇದ್ದದ್ದು ಮೂರೇ ರೇಕು, 25 ನಿಮಿಷಕ್ಕೊಂದು ಗಾಡಿ. ಅಂದರೆ ಒಂದು ರೇಕು ಹೋಗಿ, ತಿರುಗಿ, ಮೊದಲಿನ ಜಾಗಕ್ಕೆ ಬರಲು 75 ನಿಮಿಷ. ನಾಲ್ಕನೆಯ ರೇಕು ಬಂದಾಗ 19 ನಿಮಿಷಕ್ಕೊಂದು, ಐದನೆಯದು ಬಂದಾಗ 15 ನಿಮಿಷಕ್ಕೊಂದು. 75ನ್ನು ನಾಲ್ಕರಿಂದ, ಐದರಿಂದ ಭಾಗಿಸಿ ನೋಡಿ, ಹೆಚ್ಚುಕಡಿಮೆ ಅದೇ ಬರುತ್ತದೆ. ಹಳಿ ಅದೇ, ನಿಲ್ದಾಣ ಅದೇ, ಸಿಗ್ನಲ್ ಅದೇ. ಒಂದೊಂದು ರೇಕು ಸೇರಿದ ಹಾಗೆ ಮಂದಿ ಕಾಯುವ ಹೊತ್ತು ಇಳಿಯಿತು.

ಈ ಲೆಕ್ಕವನ್ನು ನಮ್ಮೂರಿನ ಮೇಲೆ ಇಟ್ಟು ನೋಡಿದೆ. ಸೊಲ್ಲಾಪುರದಿಂದ ವಿಜಯಪುರ ಸುಮಾರು 110 ಕಿಲೋಮೀಟರ್. ಎಲ್ಲ ಕಡೆ ನಿಂತು ಹೋದರೂ ಎರಡೂವರೆ ಗಂಟೆ ಸಾಕು. ಎರಡೂ ತುದಿಗೆ ಅರ್ಧರ್ಧ ಗಂಟೆ ತಿರುಗಲು ಕೊಟ್ಟರೆ ಒಂದು ಸುತ್ತಿಗೆ ಆರು ಗಂಟೆ. ಎರಡು ರೇಕು ಇದ್ದರೆ ಮೂರು ಗಂಟೆಗೊಂದು ಗಾಡಿ, ಮೂರು ಇದ್ದರೆ ಎರಡು ಗಂಟೆಗೊಂದು. ಬೆಳಿಗ್ಗೆಯಿಂದ ರಾತ್ರಿಯ ತನಕ ಅದೇ ನಿಮಿಷಕ್ಕೆ: ಏಳೂ ಹತ್ತು, ಒಂಬತ್ತೂ ಹತ್ತು, ಹನ್ನೊಂದೂ ಹತ್ತು. ಯಾರೂ ಟೈಮ್ ಟೇಬಲ್ ಹುಡುಕಬೇಕಾಗಿಲ್ಲ. ಈಗ ವಿದ್ಯುತ್ ತಂತಿ ಇದೆ, ಮೆಮು ಗಾಡಿ ಓಡಿಸಬಹುದು. ಅದು ಬೇಗ ವೇಗ ಹಿಡಿಯುತ್ತದೆ, ಎರಡೂ ತುದಿಗೆ ಡ್ರೈವರ್ ಕ್ಯಾಬಿನ್ ಇರುವುದರಿಂದ ಎಂಜಿನ್ ಬಿಚ್ಚಿ ಸುತ್ತಿಸಿ ಕಟ್ಟುವ ಕೆಲಸವೂ ಇಲ್ಲ. ಹೀಗೇ ವಿಜಯಪುರದಿಂದ ಆಲಮಟ್ಟಿ, ಬಾಗಲಕೋಟೆಯ ತನಕ ಇನ್ನೊಂದು ಜೋಡಿ. ಪಂಢರಪುರಕ್ಕೆ ಹೋಗುವ ಗೋಲಗುಂಬಜ್ ಮತ್ತು ಕಲಬುರಗಿ, ಸೊಲ್ಲಾಪುರ ಸುತ್ತಿ ಬಾಗಲಕೋಟೆಗೆ ಬರುವ ಬಸವ ಎಕ್ಸ್‌ಪ್ರೆಸ್ ತಮ್ಮ ಪಾಡಿಗೆ ದೊಡ್ಡ ಊರುಗಳಲ್ಲಿ ನಿಂತು ಓಡಲಿ. ಸಣ್ಣ ಗಾಡಿ ಸಣ್ಣ ಸ್ಟೇಷನ್ನಿನ ಮಂದಿಯನ್ನು ತಂದು ಅವಕ್ಕೆ ಮುಟ್ಟಿಸಲಿ. ಸಂಜೆಯ ಗಾಡಿ ಸೊಲ್ಲಾಪುರಕ್ಕೆ ಹೋದರೆ ಮುಂಬೈಗೆ ರಾತ್ರಿ ಹೊರಡುವ ಸಿದ್ಧೇಶ್ವರ ಎಕ್ಸ್‌ಪ್ರೆಸ್ ಕೈಗೆ ಸಿಗಬೇಕು. ಬೆಳಗಿನದು ತೊರವಿಯ ಮಹಿಳಾ ವಿಶ್ವವಿದ್ಯಾಲಯದ ತರಗತಿಗೆ ಮುಂಚೆ ವಿಜಯಪುರ ಸೇರಬೇಕು. ಮತ್ತು ಇಂಡಿ ರೋಡಿನಲ್ಲಿ, ಬಸವನ ಬಾಗೇವಾಡಿ ರೋಡಿನಲ್ಲಿ, ಆಲಮಟ್ಟಿಯಲ್ಲಿ ಗಾಡಿ ಬಂದು ಹತ್ತು ನಿಮಿಷಕ್ಕೆ ಬಸ್ಸು ಹೊರಡಬೇಕು: ಇಂಡಿಗೆ, ಬಾಗೇವಾಡಿಗೆ, ಮುದ್ದೇಬಿಹಾಳಕ್ಕೆ. ಸಿಂದಗಿಯ ಬಸ್ಸು ವಿಜಯಪುರದ ಸ್ಟೇಷನ್ ಮುಟ್ಟಿ ಹೋಗಬೇಕು. ಆ ಮುದುಕಿ ಕೇಳಿದ್ದು ಇದನ್ನೇ.

ಸಿಂದಗಿಗೆ, ಮುದ್ದೇಬಿಹಾಳಕ್ಕೆ ಹಳಿ ತರುವ ಬೇಡಿಕೆ ಹಳೆಯದು. ವಿಜಯಪುರ–ಶಹಾಬಾದ್ ಮಾರ್ಗ, ಆಲಮಟ್ಟಿ–ಯಾದಗಿರಿ ಮಾರ್ಗ ಎಂದು ಹೆಸರಿಟ್ಟು ಸಮೀಕ್ಷೆಗಳೂ ಆಗಿವೆ. ಪಕ್ಕದಲ್ಲಿ ಗದಗ–ವಾಡಿ ಹೊಸ ಮಾರ್ಗದ ತಳಕಲ್ಲ–ಕುಷ್ಟಗಿ ತುಂಡು 2025ರ ಮೇ 15ರಂದು ತೆರೆದು, ಕುಷ್ಟಗಿಯ ಮಂದಿ ತಮ್ಮೂರಲ್ಲೇ ಗಾಡಿ ಹತ್ತುವಂತಾದದ್ದನ್ನು ನೋಡಿ ನನಗೆ ಹೊಟ್ಟೆ ತುಂಬಿತು. ನಮ್ಮ ಸಿಂದಗಿಗೂ ಒಂದು ದಿನ ಬರುತ್ತದೆ ಎಂದೇ ನಂಬಿದ್ದೇನೆ. ಆದರೆ ಹಳಿ ಬಂದ ಮೇಲೆ ಯಾವ ಗಾಡಿ ಓಡಿಸೋಣ ಎಂದು ಯೋಚಿಸುವುದು ತಲೆಕೆಳಗು. ಸ್ಟೇಷನ್ ಊರಿನಿಂದ ಎಷ್ಟು ದೂರ, ಬಸ್ ಸ್ಟ್ಯಾಂಡಿಗೆ ಎಷ್ಟು ಹತ್ತಿರ, ಗಾಡಿ ತಿರುಗುವ ಅಡ್ಡಹಳಿ ಎಲ್ಲಿ, ರಾತ್ರಿ ರೇಕು ಮಲಗುವ ಲೈನು ಎಲ್ಲಿ, ವಿಜಯಪುರದಲ್ಲಿ ಸಿಂದಗಿಯ ಗಾಡಿ ಸೊಲ್ಲಾಪುರದ ಕಡೆ ನೇರ ಹೋಗುವಂತೆ ಹಳಿ ಕೂಡಬೇಕೋ ಹುಬ್ಬಳ್ಳಿಯ ಕಡೆಗೋ, ಇವೆಲ್ಲ ನಕಾಶೆಯ ದಿನವೇ ನಿಂತುಹೋಗುತ್ತವೆ. 1884ರಲ್ಲಿ ಬಸವನ ಬಾಗೇವಾಡಿಯ ಮಂದಿಯನ್ನು ಯಾರೂ ಕೇಳಲಿಲ್ಲ. ಈಗ ಕೇಳುವ ಕಾಲ ಬಂದಿದೆ, ಹೇಳುವವರು ತಯಾರಿರಬೇಕು.

ಆದ್ದರಿಂದ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಹೋರಾಟ ಸಮಿತಿಗಳವರಲ್ಲಿ, ಶಾಸಕರಲ್ಲಿ, ವ್ಯಾಪಾರಸ್ಥರಲ್ಲಿ, ಕಾಲೇಜಿನ ಹುಡುಗ ಹುಡುಗಿಯರಲ್ಲಿ ನನ್ನ ಬೇಡಿಕೆ ಇಷ್ಟೇ: ಮುಂದಿನ ಸಲ ಮನವಿ ಬರೆಯುವಾಗ ‘ನಮಗೊಂದು ಗಾಡಿ ಕೊಡಿ’ ಎಂದು ಬರೆದು ನಿಲ್ಲಿಸಬೇಡಿ. ಎಷ್ಟೊತ್ತಿಗೆ ಹೊರಡಬೇಕು, ಎಲ್ಲೆಲ್ಲಿ ನಿಲ್ಲಬೇಕು, ಎಲ್ಲಿ ತಿರುಗಬೇಕು, ರಾತ್ರಿ ಎಲ್ಲಿ ತಂಗಬೇಕು, ಯಾವ ಬಸ್ಸಿಗೆ ಕೂಡಬೇಕು ಎಂಬುದನ್ನೂ ಬರೆಯಿರಿ. ಲೆಕ್ಕ ಹಾಕಿಕೊಡುವವರು ಬೇಕಾದರೆ ನನ್ನಂಥ ನಿವೃತ್ತರು ಹುಬ್ಬಳ್ಳಿಯಿಂದ ಸೊಲ್ಲಾಪುರದ ತನಕ ಊರೂರಿಗೆ ಇದ್ದಾರೆ; ಕರೆದರೆ ಪೆನ್ಸಿಲ್ಲು ಹಿಡಿದುಕೊಂಡೇ ಬರುತ್ತೇವೆ.